ಉಪ್ಪುನೀರಿನ ಟ್ಯಾಂಕಿನ ಬಯೋ ಮೀಡಿಯಾ: ಯಾವಾಗ ಜಾಲಿಸಬೇಕು, ಯಾವಾಗ ಮುಟ್ಟಬಾರದು

ವರ್ಷದಿಂದ ಚೆನ್ನಾಗಿದ್ದ ಟ್ಯಾಂಕು. ಭಾನುವಾರ ಬಿಡುವು ಸಿಕ್ಕಿತೆಂದು ಫಿಲ್ಟರ್ ಬಿಚ್ಚಿ, ಒಳಗಿದ್ದ ರಿಂಗು, ಸ್ಪಾಂಜು ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆದು ಮತ್ತೆ ಜೋಡಿಸಿದ್ದಾಯಿತು. ಸೋಮವಾರ ನೀರು ತಿಳಿಯಾಗಿಯೇ ಇರುತ್ತದೆ. ಬುಧವಾರದ ಹೊತ್ತಿಗೆ ಕ್ಲೌನ್ ಮೀನು ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತದೆ, ಅಮೋನಿಯಾ ಕಿಟ್ಟಿನ ನಳಿಕೆ ಹಳದಿ ಬಿಟ್ಟು ಹಸಿರಿಗೆ ತಿರುಗಿರುತ್ತದೆ. ಮೀನು ಕೊಟ್ಟ ಅಂಗಡಿಯವನನ್ನು ಬೈಯುವುದು ಆಮೇಲಿನ ಕೆಲಸ.

ರಿಂಗು ಕೊಳಕಾಗಿತ್ತು, ನಿಜ. ಆದರೆ ಆ ಕೊಳಕಿಗೆ ಅಂಟಿಕೊಂಡೇ ಟ್ಯಾಂಕಿನ ಜೀವವೂ ಇತ್ತು. ನೀರು ಶುದ್ಧಿ ಮಾಡುವ ಬ್ಯಾಕ್ಟೀರಿಯಾ ಅಂಟಿ ಬೆಳೆಯಲೆಂದು ಫಿಲ್ಟರಿನಲ್ಲಿಡುವ ರಿಂಗು, ಸ್ಪಾಂಜಿನಂಥ ವಸ್ತುವೇ ಬಯೋ ಮೀಡಿಯಾ. ಅದನ್ನು ನೋಡಿಕೊಳ್ಳುವುದೆಂದರೆ ಎರಡು ವಿಷಯಕ್ಕೆ ಕಾವಲಿರುವುದು: ಅದರ ಸಂದುಗಳಲ್ಲಿ ನೀರು ಹರಿಯುತ್ತಿರಬೇಕು, ಹರಿಯುವ ನೀರಿನಲ್ಲಿ ಆಮ್ಲಜನಕ ಇರಬೇಕು. ಇವೆರಡೂ ಸರಿಯಿದ್ದರೆ ಮೀಡಿಯಾ ಎಷ್ಟೇ ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿ ಕಂಡರೂ ಕೈ ಹಾಕಬೇಕಾಗಿಲ್ಲ. ಮುಂದಿನ ಲೆಕ್ಕಗಳನ್ನು ಸುಮಾರು 200 ಲೀಟರಿನ ಟ್ಯಾಂಕು, ಐದಾರು ಸಣ್ಣ ಮೀನು, ಕೆಳಗೊಂದು ಸಂಪ್ (ಫಿಲ್ಟರ್ ಸಾಮಾನಿಡುವ ತೆರೆದ ಎರಡನೆಯ ತೊಟ್ಟಿ) ಅಥವಾ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಎಂದು ಹಿಡಿದು ಕೊಟ್ಟಿದೆ. ನಿಮ್ಮ ಟ್ಯಾಂಕಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಮೀಡಿಯಾದೊಳಗೆ ನಡೆಯುವುದೇನು

ಮೀನಿನ ಕಿವಿರು, ಮಲ, ಉಳಿದ ಆಹಾರ ಇವುಗಳಿಂದ ಬರುವ ಅಮೋನಿಯಾವನ್ನು ಒಂದು ಗುಂಪಿನ ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಬ್ಯಾಕ್ಟೀರಿಯಾ ಬಾಟಲಿಗಳ ಮೇಲೆ ಕಾಣುವ ನೈಟ್ರೋಸೊಮೊನಾಸ್, ನೈಟ್ರೋಸ್ಪೈರಾ ಎಂಬ ಹೆಸರುಗಳು ಇವುಗಳದೇ. ನೀರಿನಲ್ಲಿ ತೇಲಾಡುವ ಇವುಗಳ ಸಂಖ್ಯೆ ತೀರ ಕಡಿಮೆ. ಬಹುಪಾಲು ಕಲ್ಲು, ರಿಂಗು, ಮರಳು, ಪೈಪಿನ ಒಳಗೋಡೆಗಳ ಮೇಲೆ ತೆಳು ಲೋಳೆಪದರವಾಗಿ ಅಂಟಿರುತ್ತವೆ. ಅದಕ್ಕೇ ಟ್ಯಾಂಕಿನ ಅರ್ಧ ನೀರು ಬದಲಿಸಿದರೂ ಸೈಕಲ್, ಅಂದರೆ ಅಮೋನಿಯಾ ನೈಟ್ರೇಟ್ ಆಗುವ ಈ ಸರಣಿ, ಮುರಿಯುವುದಿಲ್ಲ, ಆದರೆ ಇರುವ ಮೀಡಿಯಾವನ್ನೆಲ್ಲ ಒಂದೇ ದಿನ ಉಜ್ಜಿದರೆ ಮುರಿಯುತ್ತದೆ.

ಇವು ಬೆಳೆಯುವುದು ನಿಧಾನ. ಆಹಾರ ಕೊಳೆಸುವ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಗಂಟೆಯೊಳಗೆ ದುಪ್ಪಟ್ಟಾಗುತ್ತದೆ. ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೋದದ್ದು ಮರಳಿ ಬರಲು ವಾರಗಳೇ ಹಿಡಿಯುವುದು ಇದೇ ಕಾರಣಕ್ಕೆ.

ಉಪ್ಪುನೀರಿನಲ್ಲಿ ಇನ್ನೊಂದು ತೊಡಕಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಮೀನಿಗೆ ವಿಷ ಅದರಲ್ಲೊಂದು. ಪಿಎಚ್ ಒಂದು ಅಂಕ ಏರಿದರೆ ಆ ವಿಷದ ಪಾಲು ಹತ್ತು ಪಟ್ಟಿನ ಹತ್ತಿರ ಏರುತ್ತದೆ. ಪಿಎಚ್ 7ರ ಸಿಹಿನೀರಿನ ಟ್ಯಾಂಕು ತಡೆದುಕೊಳ್ಳುವಷ್ಟು ಅಮೋನಿಯಾ ಪಿಎಚ್ 8.2ರ ಸಮುದ್ರದ ನೀರಿನಲ್ಲಿ ಮೀನನ್ನು ಕೊಲ್ಲಬಲ್ಲದು. ನೈಟ್ರೈಟಿನ ವಿಷಯ ತದ್ವಿರುದ್ಧ. ಸಮುದ್ರದ ನೀರಿನ ಕ್ಲೋರೈಡು ಅದು ಮೀನಿನ ರಕ್ತ ಸೇರದಂತೆ ಅಡ್ಡ ನಿಲ್ಲುವುದರಿಂದ, ಸಿಹಿನೀರಿನವರು ಹೆದರುವಷ್ಟು ಇಲ್ಲಿ ಹೆದರಬೇಕಿಲ್ಲ.

ನಿಮ್ಮ ಫಿಲ್ಟರಿನಲ್ಲಿ ಏನಿದೆ ನೋಡಿಕೊಳ್ಳಿ

ಎಲ್ಲ ಮೀಡಿಯಾಕ್ಕೂ ಒಂದೇ ಉಪಚಾರ ನಡೆಯುವುದಿಲ್ಲ.

ಹತ್ತಿಯಂಥ ಬಿಳಿ ಫ್ಲಾಸ್ ಅಥವಾ ಬಟ್ಟೆ ಚೀಲದಂಥ ಫಿಲ್ಟರ್ ಸಾಕ್ಸ್ ಬಯೋ ಮೀಡಿಯಾ ಅಲ್ಲವೇ ಅಲ್ಲ. ಅದು ಕಸ ಹಿಡಿಯುವ ಜಾಲರಿ. ಮೂರು ನಾಲ್ಕು ದಿನಕ್ಕೊಮ್ಮೆ ತೆಗೆಯಬೇಕು: ಫ್ಲಾಸನ್ನು ಎಸೆಯಿರಿ, ಸಾಕ್ಸನ್ನು ಸೋಪಿಲ್ಲದೆ ಒಗೆದು ಒಣಗಿಸಿ. ಇದನ್ನು ಹದಿನೈದು ದಿನ ಹಾಗೇ ಬಿಟ್ಟರೆ ಅಲ್ಲಿ ಸಿಕ್ಕ ಕಸ ಅಲ್ಲೇ ಕೊಳೆತು ಮುಂದಿನ ಮೀಡಿಯಾಕ್ಕೆ ಹೋಗುತ್ತದೆ. ಬಯೋ ಮೀಡಿಯಾ ಬೇಗ ಕಟ್ಟಿಕೊಳ್ಳುತ್ತದೆ ಎನ್ನುವವರ ಟ್ಯಾಂಕಿನಲ್ಲಿ ಮೊದಲು ನೋಡಬೇಕಾದ್ದು ಈ ಸಾಕ್ಸನ್ನೇ.

ಸ್ಪಾಂಜು ಎರಡೂ ಕೆಲಸ ಮಾಡುತ್ತದೆ, ಹಾಗಾಗಿ ಬೇಗ ಕಟ್ಟಿಕೊಳ್ಳುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಿಂಡಬೇಕು.

ಸೆರಾಮಿಕ್ ರಿಂಗು, ಸಿಂಟರ್ಡ್ ಗ್ಲಾಸ್, ಪ್ಯೂಮಿಸ್ ಕಲ್ಲಿನ ಹರಳು ಇವೆಲ್ಲ ಒಂದೇ ಜಾತಿ. ಮುಂದೆ ಒಳ್ಳೆಯ ಜಾಲರಿ ಇದ್ದರೆ ಮೂರರಿಂದ ಆರು ತಿಂಗಳು ಕೈ ಹಾಕದೆ ಬಿಡಬಹುದು. ಆರು ತಿಂಗಳಿಗೊಮ್ಮೆ ಹೊಸದು ಹಾಕಬೇಕೆಂದು ಕೆಲವು ಅಂಗಡಿಗಳಲ್ಲಿ ಹೇಳುವುದುಂಟು. ಅದು ಮಾರಾಟದ ಮಾತು. ಸೆರಾಮಿಕ್ಕಿಗೆ ಅವಧಿ ಮುಗಿಯುವುದಿಲ್ಲ. ಬೆರಳಲ್ಲಿ ಒತ್ತಿದಾಗ ಪುಡಿಯಾಗುವ ತುಂಡುಗಳನ್ನಷ್ಟೇ ಬದಲಿಸಿ.

ಬಯೋ ಬಾಲ್ ಎಂಬ ಪ್ಲಾಸ್ಟಿಕ್ ಚೆಂಡುಗಳಿಗೆ ನೈಟ್ರೇಟ್ ಕಾರ್ಖಾನೆ ಎಂಬ ಕೆಟ್ಟ ಹೆಸರಿದೆ. ತಪ್ಪು ಬಾಲಿನದಲ್ಲ. ಅವುಗಳ ನಡುವೆ ತಿಂಗಳುಗಟ್ಟಲೆ ಕೂತ ಗಸಿ ಕೊಳೆತು ಅಮೋನಿಯಾ ಆಗುತ್ತದೆ, ಅದು ಕೊನೆಗೆ ನೈಟ್ರೇಟ್ ಆಗಲೇಬೇಕು. ಬಾಲುಗಳನ್ನೇ ತೆಗೆದುಬಿಡುವ ಮನಸ್ಸಿದ್ದರೆ ವಾರಕ್ಕೆ ಹತ್ತರಿಂದ ಇಪ್ಪತ್ತು ಶೇಕಡಾದಂತೆ ತೆಗೆಯಿರಿ, ಮತ್ತು ಟ್ಯಾಂಕಿನಲ್ಲಿ ಸಾಕಷ್ಟು ಕಲ್ಲು ಇದ್ದರೆ ಮಾತ್ರ.

ಸದಾ ಕುದಿಯುವಂತೆ ತಿರುಗುವ ಕೆ1 (ಪುಟ್ಟ ಪ್ಲಾಸ್ಟಿಕ್ ಚಕ್ರಗಳ) ಮೀಡಿಯಾ ಒಂದಕ್ಕೊಂದು ಉಜ್ಜಿಕೊಂಡು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಅದು ತಿರುಗುತ್ತಿದೆಯೇ, ಮೂಲೆಯಲ್ಲಿ ಗುಡ್ಡೆ ಬಿದ್ದಿದೆಯೇ ಎಂದು ನೋಡಿದರೆ ಸಾಕು.

ಇನ್ನು ಲೈವ್ ರಾಕ್, ಅಂದರೆ ಬ್ಯಾಕ್ಟೀರಿಯಾ ನೆಲೆಸಿದ ರಂಧ್ರಗಳ ಕಲ್ಲು. ಒಳ್ಳೆಯ ರಂಧ್ರಗಳಿರುವ 12ರಿಂದ 15 ಕಿಲೋ ಕಲ್ಲಿದ್ದರೆ ಇಂಥ ಟ್ಯಾಂಕಿಗೆ ಬೇರೆ ಮೀಡಿಯಾ ಇಲ್ಲದೆಯೂ ನಡೆಯುತ್ತದೆ. ಕಲ್ಲಿನ ಮೇಲೆ ಕೂತ ಗಸಿಯನ್ನು ನೀರು ಬದಲಿಸುವ ದಿನ ಬೇಸ್ಟರಿನಿಂದ (ರಬ್ಬರ್ ಬುರುಡೆಯ ದೊಡ್ಡ ಡ್ರಾಪರ್) ಅಥವಾ ಸಣ್ಣ ಪಂಪಿನಿಂದ ಊದಿ, ಹತ್ತು ನಿಮಿಷ ಕೆಳಗಿಳಿಯಲು ಬಿಟ್ಟು, ಸೈಫನ್ ಮಾಡಿ. ಕಲ್ಲನ್ನು ಹೊರಗೆ ತೆಗೆದು ಬ್ರಶ್ ಹಾಕುವ ಗೊಡವೆ ಬೇಡ. ಹಾಗೆಯೇ ಮಾಲ್ವಣ ಅಥವಾ ಗೋವಾದ ಕಡಲಿನಿಂದ ಹವಳದ ಕಲ್ಲು ಎತ್ತಿ ತರುವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ. ಸತ್ತ, ಒಣಗಿದ ತುಂಡು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲು ಈಗ ಸಿಗುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಒಂದೆರಡು ತಿಂಗಳು ಹೆಚ್ಚು ಹಿಡಿಯಬಹುದು, ಅಷ್ಟೇ.

ಕ್ಯಾಲೆಂಡರ್ ಬದಲು ಹರಿವನ್ನು ಅಳೆಯಿರಿ

ಮೀಡಿಯಾ ಜಾಲಿಸುವ ಸಮಯ ಬಂದಿದೆಯೇ ಎಂದು ತಿಳಿಯಲು ಒಂದು ಅಳತೆ ಪಾತ್ರೆ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಫಿಲ್ಟರ್ ಹೊಸದಾಗಿದ್ದಾಗ, ಇಲ್ಲವೇ ಎಲ್ಲ ಸರಿಯಿದ್ದಾಗ, ನೀರು ಟ್ಯಾಂಕಿಗೆ ಮರಳುವ ಪೈಪಿನ ಬಾಯಿಗೆ 5 ಲೀಟರಿನ ಕ್ಯಾನ್ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕೆಂದು ಬರೆದಿಡಿ. 20 ಸೆಕೆಂಡು ಬಂದರೆ ಗಂಟೆಗೆ 900 ಲೀಟರು, ಅಂದರೆ 200 ಲೀಟರಿನ ಟ್ಯಾಂಕು ಗಂಟೆಗೆ ನಾಲ್ಕೂವರೆ ಸಲ ತಿರುಗುತ್ತಿದೆ. ಇದು ಒಳ್ಳೆಯ ಹರಿವು. ಪಂಪಿನ ಡಬ್ಬಿ ಮೇಲೆ ಬರೆದ ಸಂಖ್ಯೆಯನ್ನು ನಂಬಬೇಡಿ, ಅದು ಎತ್ತರಕ್ಕೆ ಏರಿಸದೆ ಅಳೆದದ್ದು.

ತಿಂಗಳಿಗೊಮ್ಮೆ ಹೀಗೆ ಅಳೆಯಿರಿ. ಅದೇ ಕ್ಯಾನ್ ತುಂಬಲು 26, 27 ಸೆಕೆಂಡು ಹಿಡಿದರೆ ಕಾಲು ಭಾಗ ಹರಿವು ಹೋಗಿದೆ ಎಂದರ್ಥ. ಆಗಲೂ ನೇರವಾಗಿ ಬಯೋ ಮೀಡಿಯಾಕ್ಕೆ ಹೋಗಬೇಡಿ. ಮೊದಲು ಸಾಕ್ಸ್, ಆಮೇಲೆ ಸ್ಪಾಂಜು, ಆಮೇಲೆ ಪಂಪಿನ ಹೀರುವ ಬಾಯಿ ಮತ್ತು ಇಂಪೆಲರ್ (ಒಳಗೆ ತಿರುಗುವ ಚಕ್ರ). ಇಂಪೆಲರಿನಲ್ಲಿ ಸುಣ್ಣ ಕಟ್ಟಿದ್ದರೆ ಅರ್ಧ ನೀರು ಅರ್ಧ ಬಿಳಿ ವಿನೆಗರಿನಲ್ಲಿ ಒಂದು ಗಂಟೆ ನೆನೆಸಿ ತೊಳೆಯಿರಿ. ಇವೆಲ್ಲ ಆದ ಮೇಲೂ ಹರಿವು ಬರದಿದ್ದರೆ ಮೀಡಿಯಾ ಕಟ್ಟಿಕೊಂಡಿದೆ.

ಇನ್ನೆರಡು ಸೂಚನೆಗಳಿವೆ: ಆಹಾರ, ಮೀನು ಎರಡೂ ಹೆಚ್ಚಾಗದಿದ್ದರೂ ವಾರದಿಂದ ವಾರಕ್ಕೆ ನೈಟ್ರೇಟ್ ಏರುವುದು, ಮತ್ತು ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ. ಎರಡನೆಯದು ಬಂದರೆ ಅಂದೇ ಕೆಲಸ ಆಗಬೇಕು.

ಜಾಲಿಸುವ ದಿನ

ಬೇಕಾದ ಸಾಮಾನು: 15 ಲೀಟರಿನ ಎರಡು ಬಕೆಟ್, ಒಂದು ಪ್ಲಾಸ್ಟಿಕ್ ಜರಡಿ, ಸೈಫನ್ ಪೈಪು, ಅಮೋನಿಯಾ ಕಿಟ್, ಮೊದಲೇ ಬೆರೆಸಿಟ್ಟ 30 ಲೀಟರ್ ಉಪ್ಪುನೀರು. ಬಕೆಟ್ಟು ಈ ಕೆಲಸಕ್ಕೇ ಮೀಸಲಿರಲಿ. ಮನೆಗೆಲಸದವರು ನೆಲ ಒರೆಸಲು ಫಿನೈಲ್ ಬೆರೆಸುವ ಬಕೆಟ್ಟನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ವಾಸನೆ ಉಳಿದಿದ್ದರೆ ಫಿನೈಲೂ ಉಳಿದಿರುತ್ತದೆ. ಮಾರ್ಕರಿನಲ್ಲಿ ‘ಮೀನು’ ಎಂದು ದೊಡ್ಡದಾಗಿ ಬರೆದು ಬೇರೆಯೇ ಇಡಿ.

1. ಕೈಯನ್ನು ಮೊಣಕೈವರೆಗೆ ಬರೀ ನೀರಿನಲ್ಲಿ ತೊಳೆಯಿರಿ. ಸೋಪು, ಸ್ಯಾನಿಟೈಸರ್, ಕೈಗೆ ಹಚ್ಚಿದ ಕ್ರೀಮು ಯಾವುದೂ ಇರಬಾರದು.

2. ಹೀಟರ್, ರಿಟರ್ನ್ ಪಂಪು (ನೀರನ್ನು ಟ್ಯಾಂಕಿಗೆ ಮರಳಿಸುವುದು), ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಸಾಧನ) ಮೂರರ ಪ್ಲಗ್ಗನ್ನೂ ತೆಗೆಯಿರಿ. ಟ್ಯಾಂಕಿನೊಳಗೆ ನೀರು ಕಲಕುವ ವೇವ್ ಪಂಪು ಓಡುತ್ತಿರಲಿ. ನೀರಿನ ಮಟ್ಟ ಇಳಿದಾಗ ಹೊರಗುಳಿದ ಹೀಟರ್ ಕಾದು ಒಡೆಯುವುದೇ ಈ ದಿನದ ದೊಡ್ಡ ಅಪಘಾತ.

3. ಟ್ಯಾಂಕಿನಿಂದ ಸುಮಾರು 20 ಲೀಟರ್ ನೀರನ್ನು ಎರಡೂ ಬಕೆಟ್ಟಿಗೆ ಸೈಫನ್ ಮಾಡಿ. ಈ ವಾರ ಹೇಗೂ ಬದಲಿಸಬೇಕಾದ ನೀರು, ಜಾಲಿಸಲೂ ಇದೇ.

4. ಇರುವ ಬಯೋ ಮೀಡಿಯಾದ ಮೂರನೇ ಒಂದು ಭಾಗವನ್ನಷ್ಟೇ ತೆಗೆಯಿರಿ. ಕ್ಯಾನಿಸ್ಟರಿನಲ್ಲಿ ಮೂರು ಬುಟ್ಟಿಯಿದ್ದರೆ ಒಂದು ಬುಟ್ಟಿ. ಟ್ಯಾಂಕಿನಲ್ಲಿ ಕಲ್ಲೂ ಮರಳೂ ಇಲ್ಲದೆ ಎಲ್ಲ ಭಾರ ಫಿಲ್ಟರಿನ ಮೇಲೇ ಇದ್ದರೆ ನಾಲ್ಕನೇ ಒಂದು ಭಾಗ ಸಾಕು.

5. ರಿಂಗುಗಳನ್ನು ಜರಡಿಗೆ ಹಾಕಿ ಮೊದಲ ಬಕೆಟ್ಟಿನಲ್ಲಿ ಮುಳುಗಿಸಿ, ಅಕ್ಕಿ ಜಾಲಿಸುವ ಹಾಗೆ ಮೇಲೆ ಕೆಳಗೆ ಹತ್ತು ಹದಿನೈದು ಸಲ ಆಡಿಸಿ. ಕಂದು ಗಸಿ ಮೋಡ ಎದ್ದಂತೆ ಬಿಡುತ್ತದೆ. ಎರಡನೆಯ ಬಕೆಟ್ಟಿನಲ್ಲಿ ಇನ್ನು ನಾಲ್ಕೈದು ಸಲ ಆಡಿಸಿ ನಿಲ್ಲಿಸಿ. ರಿಂಗಿನ ಮೈ ಇನ್ನೂ ಕಂದಾಗಿ, ಮುಟ್ಟಿದರೆ ಸ್ವಲ್ಪ ಜಾರುವಂತಿರಬೇಕು. ತೂತಿನ ಮೂಲಕ ಬೆಳಕು ಕಂಡರೆ ಕೆಲಸ ಮುಗಿದಿದೆ. ಉಗುರು, ಬ್ರಶ್ ಯಾವುದೂ ಬೇಡ.

6. ಸ್ಪಾಂಜಾದರೆ ಅದೇ ನೀರಿನಲ್ಲಿ ನಾಲ್ಕೈದು ಸಲ ಹಿಂಡಿ. ಹಿಂಡಿದ ನೀರು ಪೂರ್ತಿ ತಿಳಿಯಾಗುವವರೆಗೆ ಮುಂದುವರಿಸಬೇಡಿ. ಒಂದಕ್ಕಿಂತ ಹೆಚ್ಚು ಸ್ಪಾಂಜಿದ್ದರೆ ಸರದಿಯಲ್ಲಿ ಹಿಂಡಿ.

7. ಬುಟ್ಟಿ ಖಾಲಿಯಿದ್ದಾಗ ಕ್ಯಾನಿಸ್ಟರಿನ ತಳದ, ಅಥವಾ ಸಂಪಿನ ಆ ಕೋಣೆಯ, ಗಸಿಯನ್ನು ಸೈಫನ್ ಮಾಡಿಬಿಡಿ. ಮೀಡಿಯಾ ಜಾಲಿಸುವುದಕ್ಕಿಂತ ಈ ಗಸಿ ಹೊರಹಾಕುವುದರಿಂದಲೇ ಹೆಚ್ಚು ಲಾಭ. ಆದರೂ ಬಹಳ ಜನ ಬಿಡುವ ಹಂತ ಇದೇ.

8. ಮೀಡಿಯಾವನ್ನು ಮರಳಿ ಇಡುವಾಗ ಒತ್ತಿ ತುಂಬಬೇಡಿ. ಸಡಿಲವಾಗಿದ್ದರೆ ನೀರು ಎಲ್ಲ ಕಡೆ ಹಾಯುತ್ತದೆ. ಒತ್ತಿದರೆ ಒಂದೇ ಸಂದು ಹಿಡಿದು ಹೋಗಿ ಉಳಿದ ಮೀಡಿಯಾ ಸುಮ್ಮನೆ ಕೂತಿರುತ್ತದೆ.

9. ಹೊಸ ಉಪ್ಪುನೀರಿನ ಉಷ್ಣತೆ, ಉಪ್ಪಿನಂಶ ಎರಡೂ ಟ್ಯಾಂಕಿನಷ್ಟೇ ಇದೆಯೇ ನೋಡಿ ಸುರಿಯಿರಿ. ಪಂಪು ಹಾಕಿ, ನೀರು ಹರಿದ ಮೇಲೆ ಹೀಟರ್ ಹಾಕಿ.

ಮೀಡಿಯಾ ಹೊರಗಿರುವ ಸಮಯ ಅರ್ಧ ಗಂಟೆ ದಾಟದಂತೆ, ಒಣಗದಂತೆ ನೋಡಿಕೊಳ್ಳಿ. ಅಂದು ಮೀನಿಗೆ ಅರ್ಧ ಆಹಾರ. ಮರುದಿನ ಮತ್ತು ಮೂರನೆಯ ದಿನ ಅಮೋನಿಯಾ ನೋಡಿ. ಎರಡೂ ದಿನ ಸೊನ್ನೆ ಬಂದರೆ ಮುಂದಿನ ಮೂರನೇ ಒಂದು ಭಾಗಕ್ಕೆ ಮೂರು ನಾಲ್ಕು ವಾರ ಬಿಟ್ಟು ಕೈ ಹಾಕಿ. ಅಂದೇ ಮರಳನ್ನೂ ಕೆದಕುವುದು, ಹೊಸ ಮೀನು ತಂದು ಬಿಡುವುದು, ಕಲ್ಲು ಜರುಗಿಸಿ ಅಲಂಕಾರ ಬದಲಿಸುವುದು ಬೇಡ. ಒಂದು ವಾರಕ್ಕೆ ಒಂದೇ ಬದಲಾವಣೆ.

ತಳದಲ್ಲಿ ಏಳೆಂಟು ಸೆಂಟಿಮೀಟರಿಗಿಂತ ದಪ್ಪ ಹಳೆಯ ಮರಳಿದ್ದರೆ ಆಳಕ್ಕೆ ಕೈ ಹಾಕಲೇಬೇಡಿ. ಕೆಳಗೆ ಆಮ್ಲಜನಕವಿಲ್ಲದೆ ಕೂತ ಹೈಡ್ರೋಜನ್ ಸಲ್ಫೈಡ್ ಮೇಲೆದ್ದರೆ ಮೀನು ಉಳಿಯುವುದು ಕಷ್ಟ.

ನೀರು: ನಲ್ಲಿ, ಟ್ಯಾಂಕರ್, ಆರ್‌ಒ, ಸಮುದ್ರ

ಮುಂಬೈ, ಪುಣೆ, ಗೋವಾ ಕಡೆಯ ಊರುಗಳ ನಲ್ಲಿ ನೀರು ಕ್ಲೋರಿನ್ ಹಾಕಿಯೇ ಬರುತ್ತದೆ. ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು, ಅದು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಒಮ್ಮೆ ನಲ್ಲಿ ನೀರು ತಾಗಿದ ಮಾತ್ರಕ್ಕೆ ಎಲ್ಲವೂ ಸಾಯುವುದಿಲ್ಲ, ಒಳ ರಂಧ್ರಗಳಲ್ಲಿ ಒಂದಷ್ಟು ಉಳಿಯುತ್ತದೆ. ಆದರೆ ಹರಿಯುವ ನಲ್ಲಿಯ ಕೆಳಗೆ ಐದು ನಿಮಿಷ ಉಜ್ಜಿದರೆ ಮೂರು ಪೆಟ್ಟು ಒಟ್ಟಿಗೆ ಬೀಳುತ್ತವೆ: ಕ್ಲೋರಿನ್, ಉಜ್ಜುವಿಕೆ, ಉಪ್ಪು ಇದ್ದಕ್ಕಿದ್ದಂತೆ ಇಲ್ಲವಾಗುವ ಆಘಾತ. ಮೂರನೆಯದರಿಂದಾಗಿ ಶುದ್ಧ ಆರ್‌ಒ ನೀರಿನಲ್ಲಿ ಜಾಲಿಸುವುದೂ ಸರಿಯಲ್ಲ.

ಪುಣೆಯ ವಾಕಡ್, ಹಿಂಜವಡಿ, ವಾಘೋಲಿ ಕಡೆಯ ಸೊಸೈಟಿಗಳಲ್ಲಿ ಟ್ಯಾಂಕರ್ ನೀರು ಬರುವವರು ಇನ್ನಷ್ಟು ಎಚ್ಚರವಾಗಿರಬೇಕು. ಬೋರಿನ ನೀರು, ಅದರ ಮೇಲೆ ಸೊಸೈಟಿಯವರು ಅಂದಾಜಿಗೆ ಸುರಿದ ಬ್ಲೀಚಿಂಗ್ ಪೌಡರ್. ನೆಲದಡಿಯ ಟ್ಯಾಂಕ್ ತೊಳೆದ ದಿನವಂತೂ ನಲ್ಲಿ ಬಿಟ್ಟರೆ ಮೂಗಿಗೆ ಬಡಿಯುತ್ತದೆ. ಆ ಎರಡು ದಿನ ಆರ್‌ಒ ಯಂತ್ರವನ್ನೂ ಓಡಿಸದಿರುವುದು ಮೇಲು, ಅದರ ಇಂಗಾಲದ ಕ್ಯಾಂಡಲ್ ಬೇಗ ಸೋಲುತ್ತದೆ.

ಅಡುಗೆಮನೆಯ ಆರ್‌ಒ ನೀರನ್ನೇ ಉಪ್ಪು ಬೆರೆಸಲು ಬಳಸುವವರು ಒಂದು ಸಂಗತಿ ಗಮನಿಸಿ. ಕುಡಿಯುವ ನೀರಿನ ಬಹುಪಾಲು ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇರುತ್ತದೆ. ರುಚಿಗಾಗಿ ಕಂಟ್ರೋಲರ್ ಒಂದಷ್ಟು ನಲ್ಲಿ ನೀರನ್ನೇ ಮರಳಿ ಬೆರೆಸುತ್ತದೆ. ಯಂತ್ರದ ಮೆಂಬ್ರೇನಿನಿಂದ (ಸೋಸುವ ಪೊರೆ) ನೇರ ಬರುವ ಪೈಪಿಗೆ ಒಂದು ಟಿ ಆಕಾರದ ಜೋಡಣೆ ಹಾಕಿಸಿ, ಅದರ ಮುಂದೆ ಉಳಿದ ಲವಣ ಹೀರುವ ಡಿಐ ರೆಸಿನ್ ಜೋಡಿಸಿ. ಟಿಡಿಎಸ್ ಸೊನ್ನೆ ತೋರಿಸುವವರೆಗೆ ರೆಸಿನ್ ಸರಿಯಿದೆ. ತುರ್ತಿಗೆ ನಲ್ಲಿ ನೀರೇ ಗತಿ ಎಂದಾದರೆ 100 ಲೀಟರಿಗೆ 1 ಗ್ರಾಂ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು ಕರಗಿಸಿ ಗಾಳಿ ಬಿಡಿ. ಮಾಮೂಲಿ ಪ್ರಮಾಣದ ಕ್ಲೋರಿನಿಗೆ ಅಷ್ಟು ಸಾಕು. ಮುಂಬೈಯಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಮೀನಿನ ಅಂಗಡಿಗಳಲ್ಲಿ ಆಂಟಿ-ಕ್ಲೋರಿನ್ ಎಂದು ಕೇಳಿದರೂ ಸಿಗುತ್ತದೆ.

ಕಡಲು ಮನೆ ಮುಂದೆಯೇ ಇರುವಾಗ ಉಪ್ಪಿನ ಚೀಲ ಏಕೆ ಕೊಳ್ಳಬೇಕು ಎನ್ನುವ ಪ್ರಶ್ನೆ ವಾಸ್ಕೊ, ಪಣಜಿ ಕಡೆಯವರಿಂದ ಬರುತ್ತಲೇ ಇರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಖಂಡಿತ ಬೇಡ. ಮಾಂಡೋವಿ, ಜುವಾರಿ ನದಿಗಳು ತುಂಬಿ ಬಂದು ದಡದ ನೀರಿನ ಉಪ್ಪಿನಂಶ ಇಳಿದಿರುತ್ತದೆ, ಜೊತೆಗೆ ಮಣ್ಣು. ಚಳಿಗಾಲದಲ್ಲಿ, ನದಿಮುಖದಿಂದ ದೂರ, ಉಬ್ಬರದ ಹೊತ್ತಿನಲ್ಲಿ ತಂದ ನೀರನ್ನು ಸೋಸಿ, ಕತ್ತಲಲ್ಲಿ ಕೆಲವು ವಾರ ಇಟ್ಟು, ಅಮೋನಿಯಾ ಮತ್ತು ಉಪ್ಪಿನಂಶ ನೋಡಿ ಬಳಸಬಹುದು. ಮುಂಬೈ ದಡದ ನೀರನ್ನು ಯಾವ ಋತುವಿನಲ್ಲೂ ತರಬೇಡಿ. ಮಾಹಿಮ್ ಕಡೆ ಒಮ್ಮೆ ನಿಂತು ನೋಡಿದರೆ ಕಾರಣ ಕೇಳಬೇಕಾಗುವುದಿಲ್ಲ.

ಕರೆಂಟು ಹೋದಾಗ

ಮೀಡಿಯಾ ಸಾಯುವ ಎರಡನೆಯ ದಾರಿ ಉಸಿರುಗಟ್ಟುವುದು. ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು ಹಿಡಿಯುವುದು 6.7ರಷ್ಟು; 30 ಡಿಗ್ರಿಗೆ ಹೋದರೆ 6.2. ಮುಚ್ಚಿದ ಕ್ಯಾನಿಸ್ಟರಿನೊಳಗೆ ಪಂಪು ನಿಂತ ಕೂಡಲೇ ಮೀಡಿಯಾದ ಬ್ಯಾಕ್ಟೀರಿಯಾ ಇದ್ದಬದ್ದ ಆಮ್ಲಜನಕವನ್ನು ತಿಂದು ಮುಗಿಸತೊಡಗುತ್ತದೆ. ಕೆಲವೇ ಗಂಟೆಗಳಲ್ಲಿ ಒಳಗೆ ಕೊಳೆತ ಶುರು. ಕರೆಂಟು ಬಂದಾಗ ಪಂಪು ತಾನಾಗಿ ಹೊರಟು ಆ ಕೊಳೆತ ನೀರನ್ನೆಲ್ಲ ಟ್ಯಾಂಕಿಗೆ ನೂಕುತ್ತದೆ. ಕರೆಂಟಿಲ್ಲದ ಹೊತ್ತನ್ನು ಮೀನು ಹೇಗೋ ಕಳೆದಿರುತ್ತದೆ, ಬಂದ ಮೇಲೆ ಸಾಯುತ್ತದೆ.

ಹಾಗಾಗಿ ಕ್ಯಾನಿಸ್ಟರ್ ಇರುವವರು ಒಂದು ಗಂಟೆ ದಾಟಿದರೆ ಪ್ಲಗ್ ತೆಗೆಯಿರಿ, ವಾಲ್ವ್ ಮುಚ್ಚಿ, ಮುಚ್ಚಳ ಬಿಚ್ಚಿ. ಮೀಡಿಯಾ ಬುಟ್ಟಿಗಳನ್ನು ಟ್ಯಾಂಕಿನ ನೀರಿರುವ ಬಕೆಟ್ಟಿನಲ್ಲಿಟ್ಟು ಬ್ಯಾಟರಿ ಏರ್ ಪಂಪು ಹಾಕಿ. ಏರ್ ಪಂಪು ಒಂದೇ ಇದ್ದರೆ ಅದು ಮೀನಿಗೆ. ಬುಟ್ಟಿಯನ್ನು ನೀರಿನಿಂದ ಎತ್ತಿ ಒದ್ದೆ ಬಟ್ಟೆ ಮುಚ್ಚಿಡಿ. ಗಾಳಿಯಲ್ಲಿ ತೇವವಾಗಿರುವ ಮೀಡಿಯಾ ನಿಂತ ನೀರಿನಲ್ಲಿ ಮುಳುಗಿರುವುದಕ್ಕಿಂತ ಹೆಚ್ಚು ಹೊತ್ತು ಬದುಕುತ್ತದೆ. ಬಯೋ ಬಾಲಿನ ಗೋಪುರವಿದ್ದರೆ ಗಂಟೆಗೊಮ್ಮೆ ಮೇಲಿನಿಂದ ಎರಡು ಮಗ್ಗು ಟ್ಯಾಂಕಿನ ನೀರು ಸುರಿಯಿರಿ. ಸಂಪಿನಲ್ಲಿರುವ ಮೀಡಿಯಾಕ್ಕೆ ಮೇಲ್ಮೈ ತೆರೆದಿರುವುದರಿಂದ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಒಂದು ಏರ್ ಸ್ಟೋನ್ ಬಿಟ್ಟರೆ ನಿಶ್ಚಿಂತೆ.

ನೀವು ಮನೆಯಲ್ಲಿಲ್ಲದಾಗ ಕರೆಂಟು ಹೋಗಿ ಬಂದಿದ್ದರೆ, ಕ್ಯಾನಿಸ್ಟರಿನ ಸಮೀಪ ಕೊಳೆತ ವಾಸನೆ ಬರುತ್ತಿದ್ದರೆ, ಪಂಪು ನಿಲ್ಲಿಸಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಿನಲ್ಲಿ ಜಾಲಿಸಿ ಮತ್ತೆ ಜೋಡಿಸಿ. ಇದೊಂದು ಸಂದರ್ಭದಲ್ಲಿ ಎಲ್ಲ ಬುಟ್ಟಿಯನ್ನೂ ಒಟ್ಟಿಗೆ ಜಾಲಿಸಬೇಕಾಗುತ್ತದೆ.

ಪುಣೆಯಲ್ಲಿ ದುರಸ್ತಿಗೆಂದು ಗುರುವಾರ ಕರೆಂಟು ತೆಗೆಯುವ ರೂಢಿ ಇದೆ, ಬುಧವಾರ ರಾತ್ರಿ ಮೀನಿಗೆ ಕಡಿಮೆ ಹಾಕಿ, ಜಾಲಿಸುವ ಕೆಲಸವನ್ನು ಆ ಎರಡು ದಿನ ಇಟ್ಟುಕೊಳ್ಳಬೇಡಿ. ಗೋವಾದಲ್ಲಿ ಮಳೆಗಾಲದ ಮೊದಲ ಗಾಳಿಗೇ ತಂತಿ ಕಡಿಯುತ್ತದೆ. ಮುಂಬೈಯವರಿಗೆ ಕರೆಂಟು ಹೋಗುವುದೇ ಅಪರೂಪವಾದ್ದರಿಂದ ಯಾವ ತಯಾರಿಯೂ ಇರುವುದಿಲ್ಲ. 2020ರ ಅಕ್ಟೋಬರ್ 12ರಂದು ಗ್ರಿಡ್ ಕುಸಿದು ನಗರವೇ ಗಂಟೆಗಟ್ಟಲೆ ನಿಂತಿತ್ತು ಎಂಬುದು ನೆನಪಿರಲಿ. ಯುಎಸ್‌ಬಿ ಏರ್ ಪಂಪು ಮತ್ತು 10,000 ಎಂಎಎಚ್ ಪವರ್ ಬ್ಯಾಂಕ್ ಒಂದು ರಾತ್ರಿಗೆ ಸಾಕಾಗುತ್ತದೆ. ಕೊಂಡ ಮೇಲೆ ಒಂದು ಗಂಟೆ ಓಡಿಸಿ ನೋಡಿ: ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ಹೊರೆಯನ್ನು ಹೊರೆಯೆಂದೇ ಪರಿಗಣಿಸದೆ ತಾವಾಗಿ ಆರಿಹೋಗುತ್ತವೆ. ಮನೆಯ ಇನ್ವರ್ಟರಿಗೆ ಪಂಪು ಕೊಡುವುದಾದರೆ ಅದು ಪ್ಯೂರ್ ಸೈನ್ ವೇವ್ ಆಗಿರಲಿ, ಸ್ಕ್ವೇರ್ ವೇವಿನಲ್ಲಿ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಬೇಸಿಗೆಗೂ ಇದೇ ಲೆಕ್ಕ. 25ರಿಂದ 27 ಡಿಗ್ರಿ ಗುರಿ. ಏಪ್ರಿಲ್‌ನ ಒಣಹವೆಯಲ್ಲಿ ಪುಣೆಯವರು ಸಂಪಿನ ಮೇಲೆ ಎರಡು ಕಂಪ್ಯೂಟರ್ ಫ್ಯಾನ್ ಇಟ್ಟರೂ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮುಂಬೈ, ಗೋವಾದ ತೇವದ ಗಾಳಿಯಲ್ಲಿ ನೀರು ಅಷ್ಟು ಆವಿಯಾಗದು, ಚಿಲ್ಲರ್ ಅಥವಾ ಎಸಿ ಬೇಕಾಗಬಹುದು. ಆರಿದ ನೀರಿನ ಜಾಗಕ್ಕೆ ಆರ್‌ಒ ನೀರನ್ನಷ್ಟೇ ತುಂಬಿ. ಉಪ್ಪು ಆರುವುದಿಲ್ಲ.

ಕ್ಷಾರತೆ ಕುಸಿದರೆ ಮೀಡಿಯಾ ಮಂಕಾಗುತ್ತದೆ

ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಅದು ನೀರಿನ ಕ್ಷಾರತೆಯನ್ನು ತಿನ್ನುತ್ತದೆ. ನೈಟ್ರೇಟ್ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಏರುವಷ್ಟರಲ್ಲಿ ಕ್ಷಾರತೆ ಸುಮಾರು 2.3 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಇಳಿದಿರುತ್ತದೆ. ನೀರು ಬದಲಿಸದ, ಮೀನು ಮಾತ್ರ ಇರುವ ಹಳೆಯ ಟ್ಯಾಂಕುಗಳಲ್ಲಿ ಇದು 5ಕ್ಕಿಂತ ಕೆಳಗಿಳಿದು, ಪಿಎಚ್ಚೂ ಕುಸಿದು, ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ. 8ರಿಂದ 9 ಡಿಕೆಎಚ್ ಇಟ್ಟುಕೊಳ್ಳಿ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ 1 ಡಿಕೆಎಚ್ ಏರುತ್ತದೆ. ಆರ್‌ಒ ನೀರಿನಲ್ಲಿ ಕರಗಿಸಿ, ಹರಿವು ಜೋರಿರುವ ಕಡೆ ನಿಧಾನವಾಗಿ ಹಾಕಿ, ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚಿಸಬೇಡಿ. ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬಾರದು.

ಅಮೋನಿಯಾ ಕಂಡರೆ

ಕಿಟ್ಟಿನಲ್ಲಿ 0.25 ಪಿಪಿಎಂ ಎಂದು ತೋರಿದರೆ ಮೊದಲು ಕಿಟ್ಟಿನ ತಾರೀಕು ನೋಡಿ, ಹೊಸದಾಗಿ ಬೆರೆಸಿದ ಉಪ್ಪುನೀರನ್ನು ಅದೇ ಕಿಟ್ಟಿನಲ್ಲಿ ಪರೀಕ್ಷಿಸಿ. ಅಲ್ಲೂ ಅದೇ ಬಣ್ಣ ಬಂದರೆ ಕಿಟ್ಟಿನದೋ ಉಪ್ಪಿನದೋ ದೋಷ, ಮೀಡಿಯಾದ್ದಲ್ಲ. ಮಳೆಗಾಲದಲ್ಲಿ ಪುಡಿಯಿರುವ ಕಿಟ್ಟುಗಳು ತೇವ ಹಿಡಿದು ಕೆಡುತ್ತವೆ, ಸಿಲಿಕಾ ಜೆಲ್ ಹಾಕಿ ಡಬ್ಬದಲ್ಲಿಡಿ.

ನಿಜಕ್ಕೂ ಅಮೋನಿಯಾ ಇದ್ದರೆ ಆಹಾರ ನಿಲ್ಲಿಸಿ. ಮೀನು ಮೂರು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಗಾಳಿ ಹೆಚ್ಚಿಸಿ, ಸತ್ತ ಮೀನೋ ಬಸವನಹುಳುವೋ ಕಲ್ಲಿನ ಹಿಂದೆ ಇದೆಯೇ ಹುಡುಕಿ. 0.5 ದಾಟಿದರೆ ಅಂದೇ 30ರಿಂದ 50 ಶೇಕಡಾ ನೀರು ಬದಲಿಸಿ, ಬೇಕಿದ್ದರೆ ಮರುದಿನ ಮತ್ತೆ. ಅಮೋನಿಯಾ ಕಟ್ಟಿಹಾಕುವ ಕಂಡೀಷನರ್ ಜೊತೆಗಿರಲಿ, ಅದನ್ನೇ ನಂಬಿ ನೀರು ಬದಲಿಸದೆ ಕೂರಬೇಡಿ. ಅದನ್ನು ಹಾಕಿದ ಮೇಲೂ ಹಲವು ಕಿಟ್ಟುಗಳು ಕಟ್ಟಿಹಾಕಿದ್ದನ್ನೂ ಸೇರಿಸಿಯೇ ತೋರಿಸುತ್ತವೆ. ಜಿಯೋಲೈಟ್ ಚೀಲ ತಂದು ಹಾಕುವುದು ದಂಡ. ಸಿಹಿನೀರಿನಲ್ಲಿ ಅದು ಅಮೋನಿಯಾ ಹೀರುತ್ತದೆ, ಉಪ್ಪುನೀರಿನಲ್ಲಿ ಸೋಡಿಯಮ್ಮೇ ಆ ಜಾಗ ತುಂಬಿಬಿಡುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಸಹಾಯ ಮಾಡಬಹುದು. ತಾರೀಕು ನೋಡಿ, ಮೇ ತಿಂಗಳಲ್ಲಿ ಕೊರಿಯರ್ ವ್ಯಾನಿನಲ್ಲಿ ಬೆಂದು ಬಂದದ್ದನ್ನು ನೆಚ್ಚಬೇಡಿ. ಹಾಕಿದ ಮೇಲೆ ಒಂದೆರಡು ದಿನ ಯುವಿ ದೀಪ (ನೀರಿನ ಸೂಕ್ಷ್ಮಜೀವಿ ಕೊಲ್ಲುವುದು), ಸ್ಕಿಮ್ಮರ್ ಎರಡನ್ನೂ ನಿಲ್ಲಿಸಿ. ಇಷ್ಟೆಲ್ಲ ಮಾಡುವಾಗ ಮೀಡಿಯಾವನ್ನು ಮಾತ್ರ ಮುಟ್ಟಬೇಡಿ.

ರೋಗ ಬಂದ ಮೀನಿಗೆ ಮುಖ್ಯ ಟ್ಯಾಂಕಿನಲ್ಲೇ ಔಷಧಿ ಹಾಕುವುದೂ ಇದೇ ಅಧ್ಯಾಯಕ್ಕೆ ಸೇರುತ್ತದೆ. ಆಂಟಿಬಯೋಟಿಕ್ಕು ಮೀಡಿಯಾದ ಬ್ಯಾಕ್ಟೀರಿಯಾವನ್ನೂ ಹೊಡೆಯಬಲ್ಲದು. ತಾಮ್ರವನ್ನು ಕಲ್ಲು ಹೀರಿಕೊಂಡು ಮುಂದೆ ಸಿಗಡಿ, ಏಡಿ, ಹವಳಗಳಿಗೆ ಕಂಟಕವಾಗುತ್ತದೆ. ಒಂದು ಸಣ್ಣ ಸ್ಪಾಂಜ್ ಫಿಲ್ಟರನ್ನು ಸಂಪಿನಲ್ಲಿ ಸದಾ ಬಿಟ್ಟಿರಿ. ಬೇಕಾದ ದಿನ ಎತ್ತಿ 40 ಲೀಟರಿನ ಆಸ್ಪತ್ರೆ ಟ್ಯಾಂಕಿಗೆ ಹಾಕಿದರೆ ಅದಕ್ಕೆ ಬ್ಯಾಕ್ಟೀರಿಯಾ ಸಿದ್ಧವಾಗಿಯೇ ಇರುತ್ತದೆ. ತಾಮ್ರ ಕಂಡ ಸ್ಪಾಂಜು ಮರಳಿ ಸಂಪಿಗೆ ಬರಬಾರದು.

ಹೊಸ ಅಥವಾ ಪೆಟ್ಟು ತಿಂದ ಮೀಡಿಯಾದ ಶಕ್ತಿ ಪರೀಕ್ಷಿಸಬೇಕೆಂದರೆ ಮೀನಿಲ್ಲದ ಟ್ಯಾಂಕಿನಲ್ಲಿ 100 ಲೀಟರಿಗೆ 0.6 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿ. ಅಮೋನಿಯಾ ಸುಮಾರು 2 ಪಿಪಿಎಂ ಏರುತ್ತದೆ. 24 ಗಂಟೆಯಲ್ಲಿ ಸೊನ್ನೆಗೆ ಬಂದರೆ ಮೀಡಿಯಾ ಗಟ್ಟಿಯಾಗಿದೆ. ಕಲಾಯಿಯವರು ಬಳಸುವ ನವಸಾಗರ ಇದೇ ಲವಣ, ಆದರೆ ಅದರಲ್ಲಿ ಬೇರೇನು ಬೆರೆತಿರುತ್ತದೋ ಹೇಳಲಾಗದು. ಲ್ಯಾಬ್ ದರ್ಜೆಯದನ್ನೇ ತನ್ನಿ.

ಊರಿಗೆ ಹೋಗುವಾಗ, ಮನೆ ಬದಲಿಸುವಾಗ

ಮೇ ರಜೆಗೋ ಚೌತಿಗೋ ಊರಿಗೆ ಹೊರಡುವ ಹಿಂದಿನ ದಿನ ಫಿಲ್ಟರ್ ಸ್ವಚ್ಛ ಮಾಡಿಟ್ಟು ಹೋಗೋಣ ಎನ್ನಿಸುವುದು ಸಹಜ. ಹಾಗೆ ಮಾಡಬೇಡಿ. ಜಾಲಿಸುವುದಿದ್ದರೆ ಹತ್ತು ದಿನ ಮೊದಲೇ ಮುಗಿಸಿ, ಹೊರಡುವ ದಿನ ಸಾಕ್ಸ್ ಮಾತ್ರ ಬದಲಿಸಿ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಡದೆ, ದಿನಕ್ಕೊಂದರಂತೆ ಚಿಕ್ಕ ಪೊಟ್ಟಣ ಕಟ್ಟಿ ತಾರೀಕು ಬರೆದು ಕೊಡಿ. ಪ್ರೀತಿಯಿಂದ ಹೆಚ್ಚು ಹಾಕಿದ ಆಹಾರವನ್ನು ಯಾವ ಮೀಡಿಯಾವೂ ತಡೆಯಲಾರದು.

ಹನ್ನೊಂದು ತಿಂಗಳ ಲೀವ್-ಲೈಸೆನ್ಸ್ ಬಾಡಿಗೆ ಕರಾರು ಮುಗಿದು ಡೊಂಬಿವಲಿಯಿಂದ ಠಾಣೆಗೋ, ಮುಂಬೈಯಿಂದ ಪುಣೆಗೋ ಮನೆ ಬದಲಿಸುವವರು ಟೆಂಪೋ ಬರುವ ಎರಡು ದಿನ ಮೊದಲೇ ಮೀನಿಗೆ ಆಹಾರ ನಿಲ್ಲಿಸಿ. ಮೀಡಿಯಾ ಮತ್ತು ಕಲ್ಲನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ತಳಕ್ಕೆ ನಾಲ್ಕು ಬೆರಳು ಟ್ಯಾಂಕಿನ ನೀರು, ಮೇಲೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆ ಹಾಕಿ, ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು ಒಯ್ಯಿರಿ. ನಾಲ್ಕೈದು ಗಂಟೆಯ ಪ್ರಯಾಣಕ್ಕೆ ಇದು ಸಾಕು. ಬಿಸಿಲು ಬೀಳುವ ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಹಳೆಯ ಮರಳನ್ನು ಹಾಗೇ ತಂದು ಸುರಿಯಬೇಡಿ. ಟ್ಯಾಂಕಿನ ನೀರಿನಲ್ಲೇ ನಾಲ್ಕೈದು ಸಲ ಜಾಲಿಸಿ ಹಾಕಿ, ಇಲ್ಲವೇ ಹೊಸದು ಹಾಕಿ. ಅರ್ಧದಷ್ಟಾದರೂ ಹಳೆಯ ನೀರು ಜೊತೆಗೆ ಬರಲಿ. ಹೊಸ ಮನೆಯಲ್ಲಿ ಸೋಫಾ, ಕಪಾಟು ಜೋಡಿಸುವ ಮೊದಲು ಫಿಲ್ಟರ್ ಓಡಬೇಕು. ಮೊದಲ ವಾರ ಅರ್ಧ ಆಹಾರ, ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷೆ. ಏಳು ದಿನವೂ ಸೊನ್ನೆ ಬಂದರೆ ಎಂಟನೆಯ ದಿನದಿಂದ ಎಂದಿನಂತೆ ಆಹಾರ ಹಾಕಿ.